ಅತ್ತೆಯ ಹೆಬ್ಬೆರಳು

ಎಲ್ಲವೂ ನೆಟ್ಟಗಿದ್ದ ಕೊನೆಯ ದಿನ ನಮ್ಮ ಅತ್ತೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಸೋತಳು. ಆದರೂ ಹೇಳುತ್ತೇನೆ, ನಿಪ್ಪಾಣಿಯ ಹೆಂಗಸರಲ್ಲಿ ಆಕೆಯಷ್ಟು ಬಲಶಾಲಿ ಇನ್ನೊಬ್ಬರಿಲ್ಲ! ಇದಕ್ಕೆ ಸಾಕ್ಷಿ ಯಾರು ಎಂದು ಕೇಳುತ್ತೀರಾ? ಅತ್ತೆಯೇ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿ ಅಕ್ಕೋಳಕ್ಕೆ ಹೋದವಳು ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಬೀಡಿ ಕಟ್ಟುವ ಮೊರ ಹಿಡಿದುಕೊಂಡು ತವರಿಗೆ ಬಂದಳು. ಅಪ್ಪನೂ ಹೋದ ಮೇಲೆ ಮನೆಯಲ್ಲಿ ಉಳಿದವರು ಮೂವರು: ಅವ್ವ, ಅತ್ತೆ, ನಾನು. ನಾನು ತಂಬಾಕಿನ ಗೋದಾಮಿನಲ್ಲಿ ಚೀಲ ತೂಗುವವನು. ಅವ್ವ ಮತ್ತು ಅತ್ತೆ ಜಗಳವಾಡುವವರು. ಅದು ಅವರ ಪೂರ್ಣಾವಧಿ ಉದ್ಯೋಗ. ಬಿಡುವಿದ್ದಾಗ ಅವ್ವ ಅಡುಗೆ ಮಾಡುತ್ತಿದ್ದಳು, ಅತ್ತೆ ಬೀಡಿ ಕಟ್ಟುತ್ತಿದ್ದಳು.

ಆ ದಿನ ಬೆಳಿಗ್ಗೆ ಅವ್ವ ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತು, ಬಸಿಯಲ್ಲಿ ಚಹಾ ಸುರಿದುಕೊಂಡು, ಓಣಿಯಲ್ಲಿ ಹೋಗಿಬರುವವರ ಮೇಲೆ ತೀರ್ಪು ಕೊಡುತ್ತಿದ್ದಳು. ಒಳಗೆ ಡಬ್ಬಿಯ ಸದ್ದು ಕೇಳಿತು. ಎದ್ದು ಹೋದಳು, ಅತ್ತೆಯ ಕೈಯಿಂದ ಡಬ್ಬಿ ಕಸಿದು ಒಂದೇ ತಿರುವಿಗೆ ಮುಚ್ಚಳ ತೆಗೆದಳು.

"ಬೀಡಿ ಕಟ್ಟಿ ಕಟ್ಟಿ ನಿನ್ನ ಕೈಯಾಗ ಹತ್ತಿ ತುಂಬೈತಿ, ಖೋಡಿ."

"ಸಡ್ಲ ಮಾಡಾಕಿ ನಾನು, ಹೆಸರು ತಗೊಳ್ಳಾಕಿ ನೀನು! ಮೊದಲಿಂದ್ಲೂ ಹಿಂಗ ನೀ, ವೈನಿ."

ಖೋಡಿ ಬೈಗುಳವೇ. ವೈನಿ ಎಂದರೆ ಅಣ್ಣನ ಹೆಂಡತಿ. ಆ ಒಂದು ಶಬ್ದವನ್ನು ಅತ್ತೆ ಬೈಗುಳವಾಗಿಯೂ ಬಳಸಬಲ್ಲಳು. ಅಷ್ಟು ವರ್ಷದ ಅಭ್ಯಾಸ.

ಮರುದಿನ ಕಟ್ಟೆಗೆ ಹೋಗಲು ಎದ್ದ ಅವ್ವ ಹೊಸ್ತಿಲ ಹತ್ತಿರ ಕುಸಿದಳು. ಲಕ್ವಾ ಹೊಡೆದಿತ್ತು. ಬೆಳಗಾವಿಯ ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಗೈ ಬಲಗಾಲು ಇದ್ದೂ ಇಲ್ಲದಂತಾಗಿದ್ದವು. ಬಾಯಿಂದ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಬೆಳಗಾದರೆ ಎಡಗೈ ಎತ್ತಿ ಬಾಗಿಲು ತೋರಿಸುತ್ತಿದ್ದಳು. ಆಕೆಗೆ ಕಟ್ಟೆ ಬೇಕಾಗಿತ್ತು. ಬಿಸಿಲು, ಬಸಿಯ ಚಹಾ, ಓಣಿಯ ಜನ. ಬೇರೆ ಏನನ್ನೂ ಕೇಳಲಿಲ್ಲ.

ನಾನು ಗಾಲಿಕುರ್ಚಿ ತಂದೆ. ನಮ್ಮ ಬಾಗಿಲನ್ನು ಕಟ್ಟಿದವರು ಬಹಳ ಸಣಕಲು ಜನ ಇರಬೇಕು. ಕುರ್ಚಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಂದೆಲ್ಲ ನಾವು ಹಿತ್ತಿಲ ಬಾಗಿಲಿನಿಂದ ಓಡಾಡಿದೆವು! ಕೊನೆಗೆ ನಾನೇ ಎತ್ತಿಕೊಂಡು ಹೋಗೋಣವೆಂದು ಬಗ್ಗಿದರೆ ಅವ್ವ ಎಡಗೈಯಿಂದ ನನ್ನ ಎದೆಯನ್ನು ದೂಡಿದಳು. ಇನ್ನೊಮ್ಮೆ ಬಗ್ಗಿದೆ, ಇನ್ನೊಮ್ಮೆ ದೂಡಿದಳು. ಮಗನ ಕೈಯಲ್ಲಿ ಎತ್ತಿಸಿಕೊಳ್ಳಲು ಆಕೆ ಸುತಾರಾಂ ಒಪ್ಪಲಿಲ್ಲ.

"ಸರಿ ಬಾಜೂಕ. ನಾ ಎತ್ತತೀನಿ," ಎಂದು ಅತ್ತೆ ಸೀರೆಗೆ ಕಚ್ಚೆ ಬಿಗಿದಳು. ಎರಡೂ ಹೆಬ್ಬೆರಳನ್ನು ಅವ್ವನ ಕಂಕುಳಿಗೆ ಒತ್ತಿ, ದೇವರ ಹೆಸರು ಹೇಳಿ ಎತ್ತಿಯೇ ಬಿಟ್ಟಳು. ಮೇಲೆ ಬಂದದ್ದು ಅವ್ವನ ಕುಬಸ ಮಾತ್ರ! ಇಬ್ಬರೂ ಒಟ್ಟಿಗೆ ಹಾಸಿಗೆಯ ಮೇಲೆ ಬಿದ್ದರು. ಅವ್ವ ಅರ್ಧ ಬಾಯಲ್ಲಿ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಅತ್ತೆಗೆ ಮಾತ್ರ ಅವಮಾನವಾಯಿತು.

ಸಂಜೆಗೆ ಘೋಷಣೆ ಬಂತು: "ನಾಳಿಯಿಂದ ನಾ ಜಿಮ್ಮಿಗೆ ಹೋಗಾಕಿ."

"ಅತ್ತಿ, ನಿಂಗ ಅರವತ್ತು ಹತ್ರ ಬಂತು."

"ನಿಂಗ ಮೂವತ್ತು ದಾಟೇತಿ. ನೀ ಯಾವಾಗ ಹೋಗಾವ?"



ಹೆದ್ದಾರಿಯ ಕಡೆ ಒಂದು ಹಳೆಯ ತಂಬಾಕಿನ ಗೋದಾಮನ್ನು ಜಿಮ್ಮು ಮಾಡಿದ್ದಾರೆ. ನಡೆಸುವವರು ಹಿಂದೆ ತಾಲೀಮಿನಲ್ಲಿ ಕುಸ್ತಿ ಹಿಡಿಯುತ್ತಿದ್ದವರು. ಎಲ್ಲರೂ ಅವರನ್ನು 'ಸರ್' ಎನ್ನುತ್ತಾರೆ. ಮೊದಲ ದಿನ ಧೈರ್ಯಕ್ಕೆಂದು ನಾನೂ ಹೋಗಿದ್ದೆ. ಯಾರ ಧೈರ್ಯಕ್ಕೆ ಎಂಬುದು ಬೇರೆ ಮಾತು. ಇಲಕಲ್ಲ ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ಹವಾಯಿ ಚಪ್ಪಲಿ ಒಳಗೆ ಬಂದದ್ದನ್ನು ನೋಡಿ ಕನ್ನಡಿಯ ಮುಂದೆ ತೋಳು ಉಬ್ಬಿಸುತ್ತಿದ್ದ ತರುಣರು ಅಂಗಿ ಹುಡುಕತೊಡಗಿದರು.

"ಯಾರನ್ನ ಹುಡುಕಾಕತ್ತೀರಿ, ಮೌಶಿ?" ಎಂದರು ಸರ್.

"ಯಾರನ್ನೂ ಇಲ್ಲ. ಭಾರ ಎತ್ತಾಕ ಬಂದೇನಿ."

"ಎಷ್ಟು ಎತ್ತಬೇಕಂತೀರಿ?"

"ನಮ್ಮ ವೈನಿಯಷ್ಟು."

"ವೈನಿ ಎಷ್ಟು ತೂಕ ಅದಾರ್ರಿ?"

"ಅದನ್ನ ಗಂಡಗೂ ಹೇಳಿಲ್ಲ ಆಕಿ!"

ಸರ್ ನಗಲಿಲ್ಲ. ಒಳ್ಳೆಯ ಮನುಷ್ಯ. ತೂಕ ತಿಳಿದುಕೊಂಡು ಬನ್ನಿ, ಸ್ವಲ್ಪ ಸ್ವಲ್ಪ ಏರಿಸುತ್ತ ಅಲ್ಲಿಗೆ ಮುಟ್ಟಿಸೋಣ ಎಂದರು. ನಾನು ಗೋದಾಮಿನಿಂದ ತೂಕದ ಸಣ್ಣ ಕಾಟಾ ತಂದೆ. ಅವ್ವ ಅದನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. ಆಗ ಅತ್ತೆ ನನ್ನ ಹಿಂದೆ ಬಿದ್ದಳು. "ನೀ ಚೀಲ ನೋಡಿ ಕಣ್ಣಲೇ ತೂಕ ಹೇಳಾವ. ಅವ್ವನ್ನ ನೋಡಿ ಹೇಳು ನೋಡೂಣು." ನಾನು ಅವ್ವನನ್ನು ನೋಡಿದೆ. ಅವ್ವ ಎಡಗೈಯ ತೋರುಬೆರಳನ್ನು ಎತ್ತಿ ನನ್ನನ್ನು ನೋಡಿದಳು. ನಾನು ತೂಕ ಹೇಳಿದೆ. ಗೋದಾಮಿನಲ್ಲಿ ಅಷ್ಟು ಇಳಿಸಿ ಹೇಳಿದ್ದರೆ ಅಂದೇ ಕೆಲಸದಿಂದ ತೆಗೆಯುತ್ತಿದ್ದರು!

ಜಿಮ್ಮಿನಲ್ಲಿ ಎರಡನೆಯ ತೊಡಕು ಲೆಕ್ಕದ್ದು. ಸಣ್ಣ ಡಂಬೆಲ್ ಕೈಗೆ ಕೊಟ್ಟು ಸರ್ ಹೇಳಿದರು, "ಹತ್ತು ಸಲ ಎತ್ರಿ, ಕೆಳಗ ಇಡ್ರಿ, ದಮ್ ತಗೋರಿ." ಅತ್ತೆ ಹತ್ತು ದಾಟಿದಳು, ಹದಿನೈದು ದಾಟಿದಳು, ಮುಖ ಕೆಂಪಾಯಿತು, ಇಪ್ಪತ್ತೈದಕ್ಕೆ ಇಟ್ಟಳು.

"ಹತ್ತು ಅಂದಿದ್ನಲ್ರಿ ನಾ?"

"ಹತ್ತಕ್ಕ ಬಿಟ್ರ ಕಟ್ಟು ಹೆಂಗ ಅಕ್ಕೈತಿ?"

ಸರ್‌ಗೆ ಅರ್ಥವಾಗಲಿಲ್ಲ. ಬೀಡಿಯ ಕಟ್ಟು ಇಪ್ಪತ್ತೈದರದ್ದು. ಹುಡುಗಿಯಾಗಿದ್ದಾಗಿನಿಂದ ಅತ್ತೆಯ ಕೈ ಅದೇ ಲೆಕ್ಕದಲ್ಲಿ ಆಡಿದೆ. ಇಪ್ಪತ್ತೈದಾದರೆ ದಾರ ಸುತ್ತಿ ಪಕ್ಕಕ್ಕೆ ಇಡುವುದು, ಅಲ್ಲಿಯವರೆಗೆ ಕೈ ನಿಲ್ಲುವುದಿಲ್ಲ. ಆಕೆ ರೊಟ್ಟಿ ತಟ್ಟಿದರೂ ಬಟ್ಟೆ ಒಗೆದರೂ ಇಪ್ಪತ್ತೈದೇ. ಯಾರು ಎಷ್ಟು ಹೇಳಿದರೂ ಆ ಕೈ ಅರ್ಧ ಕಟ್ಟು ಕೆಳಗಿಡಲು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಆ ತರುಣರೂ ಆಕೆಯ ಜೊತೆ ಕೂಗಿ ಎಣಿಸತೊಡಗಿದರು, ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಎಣಿಕೆ. ಇಡೀ ಜಿಮ್ಮು ಇಪ್ಪತ್ತೈದಕ್ಕೆ ಬಂತು, ಸರ್ ಒಬ್ಬರೇ ಹತ್ತರಲ್ಲಿ ಉಳಿದರು.

ಮೂರನೆಯ ತೊಡಕು ಹಿಡಿತದ್ದು. ಬೀಡಿ ಎಲೆಯನ್ನು ಸುತ್ತುವುದು, ತುದಿ ಮಡಚಿ ಒಳಗೆ ಒತ್ತುವುದು, ಎಲ್ಲ ಹೆಬ್ಬೆರಳಿನ ಕೆಲಸ. ಹಾಗಾಗಿ ಅತ್ತೆ ಜಗತ್ತಿನ ಯಾವ ವಸ್ತುವನ್ನಾದರೂ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾಳೆ. ಡಂಬೆಲ್ಲನ್ನೂ ಹಾಗೆಯೇ ಹಿಡಿದಳು.

"ಮುಷ್ಟಿ ತುಂಬ ಹಿಡೀರಿ ಮೌಶಿ, ಹೆಬ್ಬೆರಳಿನ ಮ್ಯಾಲ ಜೋರು ಹಾಕಬ್ಯಾಡ್ರಿ. ಮಣಿಕಟ್ಟು ಸೊಟ್ಟ ಆಗಾಕತ್ತೈತಿ."

"ನೀ ಭಾರ ಎತ್ತಾಕ ಹತ್ತಿ ಎಷ್ಟು ವರ್ಷ ಆತು?"

"ಇಪ್ಪತ್ತು ವರ್ಷ ಆತ್ರಿ."

"ನನ್ನ ಹೆಬ್ಬೆರಳು ನಲವತ್ತು ವರ್ಷ ದುಡದೈತಿ. ಸುಮ್ಕಿರು."

ನಲವತ್ತು ವರ್ಷ ದುಡಿದ ಹೆಬ್ಬೆರಳು ಒಂದು ಬೆಳಿಗ್ಗೆ ಮುಷ್ಕರ ಹೂಡಿತು. ಚಹಾದ ಬಸಿ ಎತ್ತಲು ಹೋದವಳು "ಅಯ್ಯಯ್ಯೋ" ಎಂದು ಬಿಟ್ಟುಬಿಟ್ಟಳು. ಬಸಿ ಒಡೆಯಿತು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ, ಕಡಲೆಕಾಳಿನಷ್ಟು ಬಾವು ಎದ್ದಿತ್ತು. ಹಿಂಡಿದ ಬಟ್ಟೆ, ತಿರುವಿದ ನಲ್ಲಿ, ಹಾಕಿದ ಚಿಲಕ ಎಲ್ಲವೂ ಆಕೆಯನ್ನು ಕೂಗಿಸತೊಡಗಿದವು. ಆದರೂ ಜಿಮ್ಮು ಬಿಡಲಿಲ್ಲ. ಎಡಗೈಯಿಂದ ಎತ್ತಿದಳು. ಇಪ್ಪತ್ತೈದು ಎತ್ತಿದಳು. ವಾರ ಕಳೆಯುವುದರೊಳಗೆ ಎಡ ಹೆಬ್ಬೆರಳೂ ಬಲದ್ದರ ಜೊತೆ ಸೇರಿತು!

ಓಣಿಯವರು ಔಷಧ ಹೇಳಲು ಬಂದರು. ಯಾರೋ ಅರಿಶಿನ ಎಂದರು, ಯಾರೋ ಹುಣಸೆ ಎಲೆ ಎಂದರು. ಅತ್ತೆ ತನ್ನದೇ ದಾರಿ ಹಿಡಿದಳು. ನನ್ನಿಂದ ಒಳ್ಳೆಯ ತಂಬಾಕಿನ ಎಲೆ ತರಿಸಿ, ಹಂಚಿನ ಮೇಲೆ ಬಿಸಿ ಮಾಡಿ, ಎರಡೂ ಮಣಿಕಟ್ಟಿಗೆ ಸುತ್ತಿ ಬೀಡಿಯ ದಾರದಿಂದ ಬಿಗಿದಳು. ನೋಡಲು ಕೈಗಳೇ ಎರಡು ದೊಡ್ಡ ಬೀಡಿಗಳಂತಿದ್ದವು. ಮನೆಯೆಲ್ಲ ಘಾಟು ಹಬ್ಬಿತು. ನಾನು ಸೀನಿದೆ, ಪಕ್ಕದ ಮನೆಯವರು ಸೀನಿದರು, ಅತ್ತೆಯೊಬ್ಬಳು ಆರಾಮಾಗಿದ್ದಳು. ಆ ಕೈಯಲ್ಲೇ ದಿಂಬು ಸರಿಮಾಡಲು ಅವ್ವನ ಮುಖದ ಮೇಲೆ ಬಗ್ಗಿದಳು. ಅವ್ವ ಸೀನಿದಳು. ಇನ್ನೊಮ್ಮೆ ಸೀನಿದಳು. ಮೂರನೆಯ ಸೀನಿನ ಬೆನ್ನಿಗೇ ಸ್ಪಷ್ಟವಾಗಿ, ಓಣಿಗೆ ಕೇಳುವಂತೆ ಒಂದು ಶಬ್ದ ಬಂತು.

"ಖೋಡಿ!"

ತಿಂಗಳುಗಟ್ಟಲೆ ಮಾತಿಲ್ಲದ ಬಾಯಿಂದ ಬಂದ ಮೊದಲ ಮಾತು. ಅತ್ತೆ ಹೊರಗೆ ಓಡಿ, ಬೀಡಿಯಂಥ ಕೈಗಳನ್ನು ಎತ್ತಿಕೊಂಡು ಓಣಿಗೆಲ್ಲ ಕೂಗಿದಳು: "ವೈನಿ ಬೈದ್ಲು! ವೈನಿ ನಂಗ ಬೈದ್ಲು!" ಸಂಜೆ ಮನೆ ಮನೆಗೆ ಪೇಢೆ ಹಂಚಿದಳು. ಬೈಸಿಕೊಂಡದ್ದಕ್ಕೆ ಪೇಢೆ ಹಂಚಿದವರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಆದರೆ ನೋವು ಪೇಢೆಗೆ ಬಗ್ಗುವಂಥದ್ದಲ್ಲ. ಅತ್ತೆಯನ್ನು ಚಿಕ್ಕೋಡಿಯ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಗ್ಗಿಸಿ ಎಂದರು ಡಾಕ್ಟರು. ಅತ್ತೆ ಬಗ್ಗಿಸಲಿಲ್ಲ. ಅವರೇ ಹಿಡಿದು ಬಗ್ಗಿಸಿದರು. ಅತ್ತೆಯ ಇನ್ನೊಂದು ಕೈ ತಾನಾಗಿ ಎದ್ದಿತು. ಡಾಕ್ಟರ ಕನ್ನಡಕ ಮೇಜಿನ ಕೆಳಗೆ ಸಿಕ್ಕಿತು.

ಕನ್ನಡಕ ಒರೆಸಿಕೊಳ್ಳುತ್ತ ಅವರು ವಿವರಿಸಿದರು. ಹೆಬ್ಬೆರಳನ್ನು ಎಳೆಯುವ ಎರಡು ಹುರಿಗಳು ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಕೊಳವೆಯೊಳಗೆ ಹಾದುಹೋಗುತ್ತವೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದರೆ ಕೊಳವೆ ಬಾತು ಹುರಿ ತಿಕ್ಕುತ್ತದೆ. ಆಮೇಲೆ ಕೇಳಿದರು:

"ಮನ್ಯಾಗ ಸಣ್ಣ ಕೂಸು ಐತೇನ್ರಿ?"

"ಯಾಕ್ರಿ?"

"ಈ ನೋವು ಹೆಚ್ಚಾಗಿ ಬಾಣಂತ್ಯಾರಿಗೆ ಬರತೈತಿ. ಕೂಸಿನ ಕಂಕುಳಾಗ ಹೆಬ್ಬೆರಳ ಕೊಟ್ಟು ಎತ್ತಿ ಎತ್ತಿ."

ಅತ್ತೆ ನನ್ನ ಮುಖ ನೋಡಿದಳು. ಮಕ್ಕಳಾಗದ ಹೆಂಗಸು. ಏನು ಹೇಳುತ್ತಾಳೋ ಎಂದು ನನಗೆ ಅಳುಕಾಯಿತು.

"ಐತ್ರಿ," ಎಂದಳು. "ಅರವತ್ತೈದು ವರ್ಷದ್ದು. ಹಲ್ಲು ಬಂದಾವು. ಕಚ್ಚತೈತಿ."

ಡಾಕ್ಟರು ನಕ್ಕರು. ಹೆಬ್ಬೆರಳು ಅಲುಗದಂತೆ ಕಟ್ಟುವ ಪಟ್ಟಿ ಕೊಟ್ಟರು, ಬರ್ಫ ಇಡಲು ಹೇಳಿದರು, ಕಡಿಮೆಯಾಗದಿದ್ದರೆ ಸೂಜಿ ಎಂದರು. ಕೊನೆಗೆ, "ಎತ್ತೂದು ಬಿಟ್ರ ಈ ನೋವು ತಾನಾಗೇ ಹೋಗತೈತಿ ನೋಡ್ರಿ," ಎಂದರು.

"ಹಂಗಾರ ಇರ್ಲಿ ಬಿಡ್ರಿ ಅದು," ಎಂದು ಅತ್ತೆ ಎದ್ದಳು.

ಪಟ್ಟಿಯನ್ನು ಆಕೆ ಕಟ್ಟಿಕೊಂಡದ್ದು ನಿಜ. ಅದರ ಸಂದಿಯಲ್ಲಿ ಹೊಲಿಗೆಯ ಸೂಜಿ, ಹೇರ್‌ಪಿನ್ನು, ಅವ್ವನ ಮಾತ್ರೆಗಳನ್ನೆಲ್ಲ ಇಟ್ಟುಕೊಂಡದ್ದೂ ನಿಜ. ಆದರೆ ಆ ವಾರಗಳಲ್ಲಿ ಅವ್ವ ಒಳಗೇ ಉಳಿದಳು. ಬೆಳಗಾದರೆ ಬಾಗಿಲಿನಿಂದ ಬಿಸಿಲು ಹೊಸ್ತಿಲವರೆಗೆ ಬರುತ್ತಿತ್ತು, ಹಾಸಿಗೆಗೆ ಮುಟ್ಟುತ್ತಿರಲಿಲ್ಲ. ಅವ್ವನಿಗೆ ಅಷ್ಟರಲ್ಲಿ ತೊದಲು ತೊದಲಾಗಿ ಮಾತು ಮರಳುತ್ತಿತ್ತು. ನಾನು ಇನ್ನೊಮ್ಮೆ ಕೇಳಿದೆ.

"ಅವ್ವಾ, ನಾ ಎತ್ತತೀನಿ. ನಾಚಿಕಿ ಯಾಕ?"

ಅವ್ವ ಬಹಳ ಹೊತ್ತು ಶಬ್ದ ಹೊಂದಿಸಿದಳು. "ನೀ ಎತ್ತೂದು ಒಂದೇ ಸಲ, ಮಗಾ. ಆ ದಿನಾ ಬರ್ಲಿ. ಅವತ್ತ ಎತ್ತು."

ಮೂಲೆಯಲ್ಲಿದ್ದ ಅತ್ತೆ ಪಟ್ಟಿಯೊಳಗಿನ ಹೇರ್‌ಪಿನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದಳು. ಮರುದಿನ ತಾನೇ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ, ಎರಡೂ ಕೈಗೆ ಸೂಜಿ ಹಾಕಿಸಿಕೊಂಡು ಬಂದಳು. ಡಾಕ್ಟರು ಕನ್ನಡಕ ತೆಗೆದಿಟ್ಟೇ ಸೂಜಿ ಹಾಕಿದರಂತೆ.

ಸ್ವಲ್ಪ ದಿನಕ್ಕೆ ಜಿಮ್ಮಿನ ಸರ್ ನಮ್ಮ ಮನೆಗೇ ಬಂದರು. ಡಂಬೆಲ್ಲು ಸಾಕು, ಇನ್ನು ಮನುಷ್ಯರನ್ನು ಎತ್ತುವುದನ್ನು ಕಲಿಸುತ್ತೇನೆ ಎಂದರು. ಅಭ್ಯಾಸಕ್ಕೆ ಒಂದು ದೇಹ ಬೇಕಲ್ಲ? ಮೂವರೂ ನನ್ನನ್ನು ನೋಡಿದರು.

ನಾನು ಅವ್ವನ ಎದುರು ಚಾಪೆಯ ಮೇಲೆ ಲಕ್ವಾ ಹೊಡೆದವನಂತೆ ಕೈಕಾಲು ಸಡಿಲ ಬಿಟ್ಟು ಮಲಗಿದೆ. "ಹೆಬ್ಬೆರಳು ಐತಿ ಅನ್ನೂದ ಮರೀರಿ, ಮೌಶಿ. ಐದೂ ಬೆರಳು ಕೂಡಿಸಿ ಮೊರದಂಗ ಮಾಡ್ರಿ. ಮುಂಗೈ ಮ್ಯಾಲ ತಗೋರಿ, ಎದಿಗೆ ಹಚ್ಚಿಕೋರಿ, ಕಾಲಲೇ ಏಳ್ರಿ," ಎಂದರು ಸರ್. ಮೊರ ಎಂದ ಕೂಡಲೇ ಅತ್ತೆಗೆ ತಿಳಿಯಿತು. ಆದರೂ ಮೊದಲ ದಿನ ನನ್ನನ್ನು ಕೆಡವಿದಳು. ಎರಡನೆಯ ದಿನವೂ ಕೆಡವಿದಳು. ಹಾಸಿಗೆಯಿಂದ ಅವ್ವ ತೊದಲುತ್ತ ಸಲಹೆ ಕೊಡುತ್ತಿದ್ದಳು, "ತಲಿ... ತಲಿ ಹಿಡಿ... ಇನ್ನೂ ಲಗ್ನ ಆಗಿಲ್ಲ ಅವಂದು!" ಮೂರನೆಯ ದಿನ ನಾನು ಗಾಳಿಯಲ್ಲಿದ್ದೆ. ಮೀಸೆ ಬಂದ ಗಂಡಸು ಅತ್ತೆಯ ತೋಳಿನಲ್ಲಿ ಮಲಗಿ ಮನೆಯ ಜಂತಿ ನೋಡುತ್ತಿದ್ದೆ. ಓಣಿಯ ಜನ ಬಾಗಿಲಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನನಗೆ ಬಂದ ಒಂದೆರಡು ಸಂಬಂಧ ಯಾಕೆ ಮುರಿದವು ಎಂದು ಈಗಲೂ ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಅವ್ವನನ್ನು ಎತ್ತಿದಳು. ಹೊಸ್ತಿಲು ದಾಟಿದಳು. ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ, ಗೋಡೆಗೆ ದಿಂಬು ಕೊಟ್ಟು, ಉಸಿರು ಬಿಡುತ್ತ ಪಕ್ಕದಲ್ಲಿ ಕೂತಳು.

"ನೀ... ಭಾಳ ಸಾವಕಾಶ," ಎಂದಳು ಅವ್ವ.

"ನೀ ಭಾಳ ದಪ್ಪ! ನಿನ್ನ ಮಗಾ ಸುಳ್ಳು ತೂಕ ಹೇಳ್ಯಾನ."

ಆ ಚಳಿಗಾಲವೆಲ್ಲ ಹಾಗೇ ನಡೆಯಿತು. ಬೆಳಿಗ್ಗೆ ಹೊರಗೆ, ಬಿಸಿಲು ಏರಿದ ಮೇಲೆ ಒಳಗೆ. ಅತ್ತೆ ಬಸಿ ಹಿಡಿಯುತ್ತಿದ್ದಳು, ಅವ್ವ ಚಹಾ ಹೀರುತ್ತಿದ್ದಳು, ಇಬ್ಬರೂ ಸೇರಿ ಓಣಿಯ ಮೇಲೆ ತೀರ್ಪು ಕೊಡುತ್ತಿದ್ದರು. ಹೆಬ್ಬೆರಳಿನ ನೋವು ಮಾತ್ರ ಪೂರ್ತಿ ಹೋಗಲಿಲ್ಲ. ಒಮ್ಮೆ ಸರ್ ನೋಡಿ ಗದರಿಸಿದರು, ಎಲ್ಲ ಸರಿಯಾಗಿ ಮಾಡುತ್ತೀರಿ, ಹೊಸ್ತಿಲ ಹತ್ತಿರ ಬಂದ ಕೂಡಲೇ ಮತ್ತೆ ಹೆಬ್ಬೆರಳು ಒತ್ತುತ್ತೀರಿ ಎಂದು.

"ಅಲ್ಲೇ ಅಲ್ಲೇನು ಆಕಿ ಬಿದ್ದಿದ್ದು?" ಎಂದಳು ಅತ್ತೆ. "ಜಾರಿದ್ರ ನೀ ಬೀಳಾವೇನು?"

ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ ಅವ್ವ ಏಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಕೂರಿಸುತ್ತೇವೆ. ಕೂರಿಸಲೆಂದು ನಾಲ್ಕು ಗಂಡಸರು ಒಳಗೆ ಬಂದರು. ಅತ್ತೆ ಎದ್ದು ಕಚ್ಚೆ ಬಿಗಿದಳು. "ಬಾಜೂಕ ಸರೀರಿ," ಎಂದಳು. ಐದೂ ಬೆರಳು ಕೂಡಿಸಿ ಮೊರದಂತೆ ಮಾಡಿ, ಮುಂಗೈ ಮೇಲೆ ತೆಗೆದುಕೊಂಡು, ಎದೆಗೆ ಹಚ್ಚಿಕೊಂಡು ಎತ್ತಿದಳು. ಹೊಸ್ತಿಲ ಹತ್ತಿರ ಹೆಬ್ಬೆರಳು ಒತ್ತಿತು. ನಾನು ನೋಡಿದೆ. ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸಿ, ಗೋಡೆಗೆ ದಿಂಬು ಕೊಟ್ಟು ಪಕ್ಕದಲ್ಲಿ ಕೂತಳು.

ಮಧ್ಯಾಹ್ನ ನಾನು ಎತ್ತಿದೆ. ಒಂದೇ ಸಲ.

ಈಗ ಕೆಲವು ತಿಂಗಳಾಗಿವೆ. ಅತ್ತೆ ಇನ್ನೂ ಜಿಮ್ಮಿಗೆ ಹೋಗುತ್ತಾಳೆ. ಡಂಬೆಲ್ಲನ್ನು ಮುಷ್ಟಿ ತುಂಬ ಹಿಡಿಯುತ್ತಾಳಂತೆ, ಸರ್ ಹತ್ತು ಎಂದರೆ ಹತ್ತಕ್ಕೆ ಕೆಳಗಿಡುತ್ತಾಳಂತೆ. ಅದನ್ನು ಹೇಳುವಾಗ ಸರ್‌ಗೆ ಸಂತೋಷವಾದಂತೆ ಕಾಣಲಿಲ್ಲ. ಮೊನ್ನೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಒಂದೇ ತಿರುವಿಗೆ ತೆಗೆದಳು. ಮುಚ್ಚಳ ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡಿದಳು. ಆಮೇಲೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಡಾಕ್ಟರು ಮಾಡಿದಂತೆ ಮಣಿಕಟ್ಟನ್ನು ಬಗ್ಗಿಸಿ ನೋಡಿಕೊಂಡಳು. ಇನ್ನೊಂದು ಕೈಯನ್ನೂ ನೋಡಿಕೊಂಡಳು.

"ಡಾಕ್ಟರ್ ಹೇಳಿದ್ದು ಖರೇ ಆತು ನೋಡು," ಎಂದಳು. "ನೋವಾದ್ರೂ ಉಳೀಬೇಕಿತ್ತಲ್ಲೋ."

ಅತ್ತೆಯ ಹೆಬ್ಬೆರಳು ಈಗ ನೋಯುವುದಿಲ್ಲ. ಎತ್ತಲು ಅವ್ವ ಇಲ್ಲ.